ಕುದುರೆಯೇರಿ ಬಂದ ಉಪಾಧ್ಯಾಯರು: ಬಿ. ಎಲ್. ರೈಸ್

ಶಾಲೆಯ ವಾರ್ಷಿಕ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನನ್ನ ಮನಸ್ಸಿಗೆ ಬೇರೆ ಯಾರ ಹೆಸರೂ ಬರಲಿಲ್ಲ. ಬೆಂಜಮಿನ್ ಲೂಯಿಸ್ ರೈಸ್ ಎಂಬ ಹೆಸರನ್ನು ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕೇಳಿರಲಾರರು. ಕೇಳಿದ್ದವರೂ ಅವರನ್ನು ಶಾಸನತಜ್ಞರೆಂದು ಮಾತ್ರ ಬಲ್ಲರು. ಆದರೆ ಅವರು ಮೊದಲು ಉಪಾಧ್ಯಾಯರು, ತರುವಾಯ ಶಾಲೆಗಳ ಇನ್‌ಸ್ಪೆಕ್ಟರು. ಶಾಸನಗಳು ಅವರ ಕಣ್ಣಿಗೆ ಬಿದ್ದದ್ದು ಶಾಲೆಗಳನ್ನು ನೋಡಲು ಕುದುರೆಯ ಮೇಲೆ ಊರೂರು ತಿರುಗುತ್ತಿದ್ದಾಗ. ಇದನ್ನು ನನಗೆ ಹೇಳಿಕೊಟ್ಟವರು ಇನ್ನೊಬ್ಬ ಉಪಾಧ್ಯಾಯರು. ಅವರ ನೆನಪನ್ನು ಬಿಟ್ಟು ರೈಸರ ಚರಿತ್ರೆಯನ್ನು ಹೇಳುವುದು ನನ್ನಿಂದ ಆಗದ ಕೆಲಸ. ಆದುದರಿಂದ ಮೊದಲು ಅವರನ್ನು ಕುರಿತು ನಾಲ್ಕು ಮಾತು ಬರೆಯಲು ವಾಚಕರು ಅನುಮತಿ ಕೊಡಬೇಕು.

ನನ್ನ ಊರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಕಲ್ಲುಗುಡ್ಡಗಳ ಸೀಮೆ, ಮಳೆ ಕಡಮೆ, ಕುರಿಮಂದೆ ಹೆಚ್ಚು. ನಮ್ಮ ಶಾಲೆಯ ಮೇಷ್ಟ್ರು ನಾಲ್ಕು ಮೈಲಿ ದೂರದ ಹಳ್ಳಿಯಿಂದ ಬರುತ್ತಿದ್ದರು. ಬಸ್ಸು ಇರಲಿಲ್ಲವೆಂದಲ್ಲ, ಇತ್ತು. ಆದರೂ ಅವರು ಬರುತ್ತಿದ್ದುದು ಒಂದು ಕುಳ್ಳು ಕುದುರೆಯ ಮೇಲೆ. ವಲಸೆ ಹೋಗುವ ಕುರಿಗಾರರಿಂದ ಅವರು ಅದನ್ನು ಕೊಂಡಿದ್ದರು. ಅದಕ್ಕೆ ಜೀನು ಇರಲಿಲ್ಲ, ಮಡಿಸಿದ ಕಂಬಳಿಯೇ ಜೀನು. ಬರುವಾಗ ಅರ್ಧ ದಾರಿ ಅದರ ಮೇಲೆ ಕುಳಿತು, ಉಳಿದರ್ಧ ದಾರಿ ಅದರ ಪಕ್ಕದಲ್ಲಿ ನಡೆದು ಬರುತ್ತಿದ್ದರೆಂದು ನೋಡಿದವರು ನಗುತ್ತಿದ್ದರು. ಶಾಲೆಯ ಹಿಂದಿನ ಹುಣಸೆಯ ಮರಕ್ಕೆ ಅದನ್ನು ಕಟ್ಟುವುದು, ನೆನೆಸಿದ ಹುರುಳಿಯನ್ನು ಮುಂದಿಡುವುದು, ಗೊರಸಿನಲ್ಲಿ ಸಿಕ್ಕಿದ ಕಲ್ಲುಗಳನ್ನು ತೆಗೆಯುವುದು ಸರದಿಯ ಮೇಲೆ ನಮ್ಮ ಕೆಲಸವಾಗಿತ್ತು. ಆ ಸರದಿಗಾಗಿ ನಾವು ಜಗಳವಾಡಿದಷ್ಟು ಮತ್ತಾವುದಕ್ಕೂ ಆಡಿಲ್ಲ. ರೈಸ್ ಸಾಹೇಬರ ಕಥೆಯನ್ನು ಅವರು ಹೇಳುತ್ತಿದ್ದುದು ಪಾಠದ ಹೊತ್ತಿನಲ್ಲಲ್ಲ. ಕುದುರೆಯ ಮೈ ಉಜ್ಜುವ ಹೊತ್ತಿನಲ್ಲಿ.

ರೈಸರು ಹುಟ್ಟಿದ್ದು ಬೆಂಗಳೂರಿನಲ್ಲಿ, ೧೮೩೭ರ ಜುಲೈ ೧೭ರಂದು. ತಂದೆ ಬೆಂಜಮಿನ್ ಹೋಲ್ಟ್ ರೈಸರು ಲಂಡನ್ ಮಿಷನ್ನಿನ ಪಾದ್ರಿಗಳು. ಕನ್ನಡವನ್ನು ಚೆನ್ನಾಗಿ ಕಲಿತು ಕನ್ನಡದಲ್ಲಿಯೇ ಗ್ರಂಥಗಳನ್ನು ಬರೆದವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ೧೯೧೫ರಲ್ಲಿ ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸರು ನಮ್ಮ ರೈಸರ ತಮ್ಮ. ಒಂದೇ ಮನೆಯ ಮೂವರು ಕನ್ನಡಕ್ಕೆ ದುಡಿದರು. ಇಂಥ ಮನೆಗಳು ಕನ್ನಡಿಗರಲ್ಲಿಯೇ ಎಷ್ಟಿವೆ ಎಂದು ಲೆಕ್ಕ ಹಾಕಲು ನಾನು ಹೋಗುವುದಿಲ್ಲ.

ಅವರು ಹುಟ್ಟಿದ ವರುಷವನ್ನು ದೆಹಲಿಯವರಾದ ನಾವು ಇನ್ನೊಂದು ಕಾರಣಕ್ಕಾಗಿಯೂ ನೆನಪಿಡಬೇಕು. ಫಿರೋಜ್ ಶಾ ಕೋಟ್ಲಾದ ಹಾಳುಗೋಡೆಗಳ ಮೇಲೆ ನಿಂತಿರುವ ಕಲ್ಲಿನ ಕಂಬವನ್ನು ನೀವೆಲ್ಲ ನೋಡಿದ್ದೀರಿ. ಸುಲ್ತಾನ ಫಿರೋಜ್ ಶಾ ಅದನ್ನು ಹದಿನಾಲ್ಕನೆಯ ಶತಮಾನದಲ್ಲಿ ಟೋಪ್ರಾ ಎಂಬ ಊರಿನಿಂದ ಹೊರಿಸಿ ತಂದು ನಿಲ್ಲಿಸಿದನು. ಅದರ ಮೇಲಿನ ಬರಹವನ್ನು ಓದಬಲ್ಲವರು ಅವನ ರಾಜ್ಯದಲ್ಲಿ ಯಾರೂ ಇರಲಿಲ್ಲ. ಮುಂದೆಯೂ ನೂರಾರು ವರುಷ ಅದು ಮೂಕವಾಗಿಯೇ ನಿಂತಿತ್ತು. ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು ಆ ಬ್ರಾಹ್ಮೀಲಿಪಿಯ ಗುಟ್ಟನ್ನು ಬಿಡಿಸಿ ದೆಹಲಿಯ ಕಂಬವನ್ನು ಓದಿದ್ದು ೧೮೩೭ರಲ್ಲಿ. ಹೀಗೆ ಉತ್ತರದಲ್ಲಿ ಅಶೋಕನ ಕಲ್ಲು ಬಾಯಿ ತೆರೆದ ವರುಷವೇ ದಕ್ಷಿಣದ ಅಶೋಕನ ಕಲ್ಲುಗಳನ್ನು ಕಾಣಬೇಕಾಗಿದ್ದ ಶಿಶುವು ಬೆಂಗಳೂರಿನಲ್ಲಿ ಕಣ್ಣು ತೆರೆಯಿತು. ನಮ್ಮ ಮೇಷ್ಟ್ರಿಗೆ ಈ ಸಂಗತಿಯನ್ನು ಹೇಳುವುದೆಂದರೆ ಬಹಳ ಇಷ್ಟ. ನನಗೂ ಇಷ್ಟವೇ.

ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗಿದ್ದ ರೈಸರು ೧೮೬೦ರಲ್ಲಿ ಬೆಂಗಳೂರಿಗೆ ಹಿಂದಿರುಗಿ ಅಲ್ಲಿನ ಸರ್ಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆಗ ಅವರಿಗೆ ಇಪ್ಪತ್ತಮೂರು ವಯಸ್ಸು. ೧೮೫೮ರಲ್ಲಿ ಹುಟ್ಟಿದ ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. ಐದು ವರುಷದ ಅನಂತರ, ೧೮೬೫ರಲ್ಲಿ, ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲೆಗಳಿಗೆ ಅವರನ್ನು ಇನ್‌ಸ್ಪೆಕ್ಟರಾಗಿ ನೇಮಿಸಿದರು. ೧೮೬೮ರಲ್ಲಿ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾದ ಜಾನ್ ಗ್ಯಾರೆಟ್ಟರು ರಜೆಯ ಮೇಲೆ ಹೋದಾಗ ಅವರ ಸ್ಥಾನದಲ್ಲಿ ಕೆಲಸ ಮಾಡಿದರು. ಮರುವರುಷ ಆ ಗ್ಯಾರೆಟ್ಟರ ಮಗಳನ್ನೇ ಮದುವೆಯಾದರು.

ಮುಖ್ಯಾಧಿಕಾರಿಯಾಗಿದ್ದ ಆ ಸ್ವಲ್ಪ ಕಾಲದಲ್ಲಿಯೇ ಅವರು ಒಂದು ದೊಡ್ಡ ಕೆಲಸವನ್ನು ಮಾಡಿದರು. ಶಾಸನಗಳ ಕೀರ್ತಿಯ ಮರೆಯಲ್ಲಿ ಇದನ್ನು ಯಾರೂ ಎತ್ತಿ ಆಡುವುದಿಲ್ಲ. ಹೋಬಳಿ ಎಂದರೆ ಕೆಲವು ಹಳ್ಳಿಗಳನ್ನು ಕೂಡಿಸಿದ ತಾಲ್ಲೂಕಿನ ಒಂದು ಭಾಗ. ಇಂಥ ಪ್ರತಿಯೊಂದು ಹೋಬಳಿಗೂ ಒಂದು ಕನ್ನಡ ಶಾಲೆ ಇರಬೇಕೆಂದು, ಹಳ್ಳಿಯ ಐಗಳ ಮಠಗಳಲ್ಲಿ ಪಾಠ ಹೇಳುತ್ತಿದ್ದವರಿಗೇ ತರಬೇತು ಕೊಟ್ಟು ಆ ಶಾಲೆಗಳಿಗೆ ನೇಮಿಸಬೇಕೆಂದು ಅವರು ಸರ್ಕಾರಕ್ಕೆ ಯೋಜನೆಯನ್ನು ಸಲ್ಲಿಸಿದರು. ಹೋಬಳಿ ಶಾಲೆಗಳು ಹುಟ್ಟಿದ್ದು ಹೀಗೆ. ನಮ್ಮ ಅಜ್ಜಂದಿರ ಅಜ್ಜಂದಿರಲ್ಲಿ ಯಾರಾದರೂ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ್ದರೆ ಅದಕ್ಕೆ ಈ ಯೋಜನೆಯೂ ಒಂದು ಕಾರಣವಾಗಿರಬಹುದು. ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್‌ವರೆಗೆ ಮಾತ್ರ ಓದಿದವನು. ಆ ಓದಿನಿಂದಲೇ ಇಷ್ಟು ದೂರದ ಊರಿನಲ್ಲಿ ಅನ್ನ ಸಂಪಾದಿಸುತ್ತಿದ್ದೇನೆ. ನನಗೆ ರೈಸರ ಶಾಸನಗಳಷ್ಟೇ ಈ ಶಾಲೆಗಳೂ ದೊಡ್ಡವು.

ಈಗ ಕುದುರೆಯ ಮಾತು. ೧೮೬೪ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿತ್ತು, ನಿಜ. ಆದರೆ ಸಂಸ್ಥಾನದ ಒಳನಾಡಿಗೆ ಹೋಗಬೇಕಾದರೆ ಕುದುರೆ ಇಲ್ಲವೇ ಎತ್ತಿನ ಗಾಡಿ. ಶಾಲೆಗಳೋ ಗಾಡಿಯ ದಾರಿಯೂ ಇಲ್ಲದ ಹಳ್ಳಿಗಳಲ್ಲಿ. ರೈಸರು ವರುಷಗಟ್ಟಲೆ ಕುದುರೆಯ ಮೇಲೆ ಕುಳಿತು ಮಲೆನಾಡು, ಬಯಲುಸೀಮೆಗಳನ್ನು ಸುತ್ತಿದರು. ದಾರಿಯಲ್ಲಿ ಅವರಿಗೆ ಎಲ್ಲೆಲ್ಲಿಯೂ ಬರಹದ ಕಲ್ಲುಗಳು ಎದುರಾದವು. ಗುಡಿಯ ಅಂಗಳದಲ್ಲಿ, ಊರಬಾಗಿಲಿನಲ್ಲಿ, ಕೆರೆಯ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ, ಹೊಲದ ಬದುವಿನಲ್ಲಿ ಕಲ್ಲುಗಳು.

ಕುದುರೆ ಇಲ್ಲದಿದ್ದರೆ ರೈಸರು ಇಷ್ಟು ಶಾಸನಗಳನ್ನು ಕಾಣುತ್ತಿರಲಿಲ್ಲ ಎಂಬುದು ನಮ್ಮ ಮೇಷ್ಟ್ರ ಸಿದ್ಧಾಂತ. ಇದು ಯಾವ ಗ್ರಂಥದಲ್ಲಿಯೂ ಇಲ್ಲ, ಅವರ ಸ್ವಂತದ್ದು. ಕುದುರೆಯ ಮೇಲೆ ಕುಳಿತವನಿಗೆ ಕಳ್ಳಿಬೇಲಿಯ ಆಚೆ ಏನಿದೆಯೆಂಬುದು ಕಾಣುತ್ತದೆ, ನಡೆದು ಹೋಗುವವನಿಗೆ ಕಾಣದು. ಗಾಡಿಯೊಳಗೆ ಮಲಗಿ ಹೋಗುವವನಿಗೆ ಏನೂ ಕಾಣದು. ಇದಕ್ಕಿಂತಲೂ ಮುಖ್ಯವಾದ ಮಾತೆಂದರೆ, ಕುದುರೆಗೆ ಬಾಯಾರುತ್ತದೆ. ನೀರು ಕುಡಿಸಲು ಕೆರೆಯ ಹತ್ತಿರ ನಿಲ್ಲಲೇಬೇಕು. ಬಿಸಿಲು ಏರಿದಾಗ ಗುಡಿಯ ಮುಂದಿನ ಮರದ ನೆರಳಿನಲ್ಲಿ ಅದನ್ನು ಕಟ್ಟಲೇಬೇಕು. ಕೆರೆ ಕಟ್ಟಿಸಿದವರಿಗೆ ಬಿತ್ತುವಟ್ಟವೆಂದು ಬಿಟ್ಟ ಭೂಮಿಯ ಶಾಸನ ಇರುವುದು ಆ ಏರಿಯ ಮೇಲೆಯೇ, ದೇವರಿಗೆ ಬಿಟ್ಟ ದತ್ತಿಯ ಶಾಸನ ಇರುವುದು ಆ ಗುಡಿಯ ಮುಂದೆಯೇ. ಸವಾರನಿಗೆ ಅವಸರವಿದ್ದರೂ ಕುದುರೆ ಅವನನ್ನು ಕಲ್ಲಿನ ಮುಂದೆ ನಿಲ್ಲಿಸುತ್ತಿತ್ತು. ಹೀಗೆ ಹೇಳುತ್ತ ಮೇಷ್ಟ್ರು ತಮ್ಮ ಕುದುರೆಯ ಜೂಲನ್ನು ಬಾಚುತ್ತಿದ್ದರು. ಅದು ಒಪ್ಪಿಗೆಯೆಂಬಂತೆ ಕಿವಿ ಅಲ್ಲಾಡಿಸುತ್ತಿತ್ತು.

ರೈಸರ ಕುತೂಹಲವು ಉದ್ಯೋಗವಾಗಿ ಮಾರ್ಪಟ್ಟದ್ದು ಮತ್ತೊಬ್ಬರ ಕೆಲಸದಿಂದ. ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಗಳು ೧೮೬೫ರಲ್ಲಿ ಮೈಸೂರು ಸೀಮೆಯ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸಬೇಕೆಂದು ಸರ್ಕಾರವು ರೈಸರಿಗೆ ಒಪ್ಪಿಸಿತು. ಹಳಗನ್ನಡದ ಲಿಪಿ, ಹಳಗನ್ನಡದ ಭಾಷೆ, ಜೊತೆಗೆ ಸವೆದ ಕಲ್ಲು. ಪಂಡಿತರ ನೆರವಿನಿಂದ ಅವರು ಪಟ್ಟುಹಿಡಿದು ಓದಿ ೧೮೭೯ರಲ್ಲಿ ಮೈಸೂರಿನ ಶಾಸನಗಳು ಎಂಬ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ಅದಕ್ಕೆ ಮುಂಚೆಯೇ ಮೈಸೂರು ಗ್ಯಾಸೆಟಿಯರ್ ಸಿದ್ಧವಾಗಿತ್ತು. ೧೮೮೨ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾಗಿ ಹೋಗಿ ಬಂದರು. ೧೮೮೪ರಲ್ಲಿ ಸಿ.ಐ.ಇ. ಬಿರುದು ದೊರೆಯಿತು. ಈ ಅಧಿಕಾರ ಬಿರುದುಗಳ ಪಟ್ಟಿಯನ್ನು ಬೆಳೆಸುವುದರಿಂದ ವಿದ್ಯಾರ್ಥಿಗಳಿಗೆ ಪ್ರಯೋಜನವಿಲ್ಲವಾದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಪುರಾತತ್ತ್ವ ಸಂಶೋಧನೆಯ ಹೊಣೆಯು ಮೊದಲು ಅವರ ಇತರ ಕೆಲಸಗಳ ಜೊತೆಗೆ ಇತ್ತು. ೧೮೯೦ರಿಂದ ಅದೇ ಅವರ ಪೂರ್ಣ ಕೆಲಸವಾಯಿತು. ಕೊಡಗಿನ ಶಾಸನಗಳು ೧೮೮೬ರಲ್ಲಿ, ಶ್ರವಣಬೆಳಗೊಳದ ಶಾಸನಗಳು ೧೮೮೯ರಲ್ಲಿ ಅಚ್ಚಾದವು. ಹೀಗೆ ಮೊದಲಾದ ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯು ೧೯೦೫ರ ಹೊತ್ತಿಗೆ ಹನ್ನೆರಡು ಸಂಪುಟಗಳಾಯಿತು. ಅವುಗಳಲ್ಲಿರುವ ಶಾಸನಗಳ ಸಂಖ್ಯೆ ೮,೮೬೯. ದಿನಕ್ಕೊಂದರಂತೆ ಓದುತ್ತ ಹೋದರೂ ಮುಗಿಸುವುದಕ್ಕೆ ಇಪ್ಪತ್ತನಾಲ್ಕು ವರುಷ ಬೇಕು.

ಒಂದು ಶಾಸನದ ಪ್ರತಿಯನ್ನು ತೆಗೆಯುವುದೆಂದರೆ ಏನೆಂದು ತಿಳಿದರೆ ಈ ಸಂಖ್ಯೆಯ ತೂಕ ತಿಳಿದೀತು. ಮೊದಲು ಕಲ್ಲಿನ ಮೇಲಿನ ಪಾಚಿಯನ್ನೂ ಎಣ್ಣೆಯ ಜಿಡ್ಡನ್ನೂ ತಿಕ್ಕಿ ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಅಕ್ಷರದ ಗುಳಿಯೊಳಗೆ ಕಾಗದ ಇಳಿಯುವ ಹಾಗೆ ಕುಂಚದಿಂದ ಬಡಿಯಬೇಕು. ಅದು ಆರುವಷ್ಟರಲ್ಲಿ ಮಸಿಯನ್ನು ಹದವಾಗಿ ತಟ್ಟಬೇಕು. ಆಗ ಅಕ್ಷರಗಳು ಬೆಳ್ಳಗೂ ಉಳಿದ ಭಾಗ ಕಪ್ಪಗೂ ಕಾಣುತ್ತವೆ. ಗಾಳಿ ಬೀಸಿದರೆ ಕಾಗದ ಹಾರಿತು. ಬಿಸಿಲು ಹೆಚ್ಚಾದರೆ ಬೇಗ ಆರಿ ಎದ್ದಿತು. ಕಲ್ಲು ಅರ್ಧ ಹೂತಿದ್ದರೆ ಅಗೆಯಬೇಕು. ಅಗೆದರೆ ನಿಧಿಗಾಗಿ ಅಗೆಯುತ್ತಿದ್ದಾರೆಂಬ ಗುಮಾನಿ ಹುಟ್ಟದಿರದು. ಈ ಕೆಲಸವನ್ನೆಲ್ಲ ರೈಸರೊಬ್ಬರೇ ಮಾಡಿದರೆಂದು ಹೇಳಿದರೆ ಅದು ಅನ್ಯಾಯವಾದೀತು. ಊರೂರು ತಿರುಗಿದ ಗುಮಾಸ್ತರು, ನಕಲುಗಾರರು, ಪಂಡಿತರು ಎಷ್ಟೋ ಮಂದಿ. ೧೮೯೯ರಲ್ಲಿ ಅವರಿಗೆ ಸಹಾಯಕರಾಗಿ ಬಂದ ಆರ್. ನರಸಿಂಹಾಚಾರ್ಯರು ಮುಂದೆ ಅವರ ಸ್ಥಾನವನ್ನೇ ತುಂಬಿದರು. ಉಳಿದವರಲ್ಲಿ ಬಹುಮಂದಿಯನ್ನು ಈ ಹೊತ್ತು ಬಲ್ಲವರಿಲ್ಲ.

ಆ ಸಂಪುಟಗಳಲ್ಲಿ ರಾಜಮಹಾರಾಜರ ವಂಶಾವಳಿಗಳಿವೆ. ಆದರೆ ಹುಡುಗರಾಗಿದ್ದ ನಮ್ಮ ಮನಸ್ಸನ್ನು ಹಿಡಿದದ್ದು ವೀರಗಲ್ಲುಗಳು. ಊರಿನ ತುರುಗಳನ್ನು ಕದ್ದೊಯ್ಯುತ್ತಿದ್ದವರೊಡನೆ ಹೋರಾಡಿ ಸತ್ತವನಿಗೆ ಊರವರು ನಿಲ್ಲಿಸಿದ ಕಲ್ಲು ಅದು. ಕೆಳಗಿನ ಅಂಕಣದಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ಎಷ್ಟೋ ಕಲ್ಲುಗಳಲ್ಲಿ ವೀರನ ಕುದುರೆಯೂ ಇರುತ್ತದೆ. ಮಂಡ್ಯದ ಕಡೆಯ ಆತಕೂರಿನ ಕಲ್ಲು ಇವೆಲ್ಲಕ್ಕಿಂತ ವಿಚಿತ್ರವಾದದ್ದು. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಮಣಲೆರನೆಂಬ ಶೂರನ ಸಾಹಸಕ್ಕೆ ಮೆಚ್ಚಿ ಬೇಕಾದುದನ್ನು ಬೇಡು ಎಂದನಂತೆ. ಅವನು ಬೇಡಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಆ ನಾಯಿಯು ಒಂದು ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಮಣಲೆರನು ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ನಾಯಿ ಹಂದಿಗಳ ಕಾಳಗವನ್ನು ಅದರಲ್ಲಿ ಕೊರೆಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟನು. ರೈಸರು ಇದನ್ನು ತಮ್ಮ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ಮೇಷ್ಟ್ರ ಕುದುರೆ ಸತ್ತುಹೋಯಿತು. ಅದಕ್ಕೆ ವಯಸ್ಸಾಗಿತ್ತು. ಕೆರೆಯ ಕೋಡಿಯ ಆಚೆ ಅದನ್ನು ಹೂಳಿಸಿ, ಮೇಲೊಂದು ಚಪ್ಪಡಿಯನ್ನು ನೆಡಿಸಿದರು. ಅದರ ಮೇಲೆ ಏನಾದರೂ ಬರೆಸಬೇಕೆಂದು ನಾವು ಹುಡುಗರು ಹಟ ಹಿಡಿದೆವು. ಅವರು ಬರೆಸಲಿಲ್ಲ. ಆಮೇಲೆ ಅವರು ಬಸ್ಸಿನಲ್ಲಿ ಬರತೊಡಗಿದರು. ಯಾವಾಗಲೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದವರು ಬಸ್ಸಿನ ದೆಸೆಯಿಂದ ತಡವಾಗಿ ಬರುವಂತಾಯಿತು.

ರೈಸರ ಜೀವಿತದ ಅತಿ ದೊಡ್ಡ ಶೋಧವು ನಡೆದದ್ದು ನಮ್ಮ ತಾಲ್ಲೂಕಿನಲ್ಲಿ, ೧೮೯೨ರಲ್ಲಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳು ಒಂದಕ್ಕೊಂದು ಮೂರು ನಾಲ್ಕು ಮೈಲಿಯೊಳಗಿವೆ. ಮೂರರಲ್ಲಿಯೂ ಬಂಡೆಗಳ ಮೇಲೆ ಬ್ರಾಹ್ಮೀ ಬರಹವಿರುವುದನ್ನು ರೈಸರು ಕಂಡುಹಿಡಿದರು. ಅವು ಅಶೋಕ ಚಕ್ರವರ್ತಿಯ ಶಾಸನಗಳು! ಅಷ್ಟು ದಕ್ಷಿಣದಲ್ಲಿ ಮೌರ್ಯರ ಶಾಸನ ಇದ್ದೀತೆಂದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ. ಮೈಸೂರು ಸೀಮೆಯ ಲಿಖಿತ ಚರಿತ್ರೆಯು ಒಂದೇ ಏಟಿಗೆ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಹಿಂದೆ ಸರಿಯಿತು.

ಬ್ರಹ್ಮಗಿರಿಯ ಬಂಡೆಗೆ ನಮ್ಮ ಕಡೆಯ ಜನ ಇಟ್ಟ ಹೆಸರು ಅಕ್ಷರಗುಂಡು. ಅದರಲ್ಲಿ ಏನು ಬರೆದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಷರವೆಂದು ಮಾತ್ರ ಗೊತ್ತಿತ್ತು. ಆ ಬಂಡೆಗೆ ರೋಗ ವಾಸಿಮಾಡುವ ಗುಣ ಉಂಟೆಂಬ ನಂಬಿಕೆಯೂ ಇತ್ತು. ಶಾಸನದ ಮೊದಲ ಭಾಗದಲ್ಲಿ ಚಕ್ರವರ್ತಿಯು ತಾನು ಮೊದಲು ಧರ್ಮದ ವಿಷಯದಲ್ಲಿ ಅಷ್ಟಾಗಿ ಶ್ರಮಿಸಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಶ್ರಮಪಟ್ಟರೆ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಸ್ವರ್ಗ ದೊರೆಯುವುದೆಂದು ತಿಳಿಸುತ್ತಾನೆ. ಎರಡನೆಯ ಭಾಗ ಇನ್ನೂ ಸರಳ: ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಮತ್ತು ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತು. ಇದನ್ನು ಬರೆದ ಲಿಪಿಕಾರನ ಹೆಸರು ಚಪಡ. ಅವನು ಕೊನೆಯ ಒಂದು ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಹೋಗುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಬಹುಶಃ ವಾಯವ್ಯದಿಂದ ಹೊಟ್ಟೆಪಾಡಿಗಾಗಿ ಅಷ್ಟು ದೂರ ಬಂದವನಿಗೆ ತನ್ನ ಊರಿನ ಅಕ್ಷರವನ್ನು ಒಂದು ಸಲವಾದರೂ ಬರೆಯದೆ ಇರಲಾಗಲಿಲ್ಲವೇನೋ. ದೆಹಲಿಯ ಕರಿಹಲಗೆಯ ಮೇಲೆ ಕನ್ನಡ ಬರೆಯುವಾಗ ನನಗೆ ಚಪಡನ ನೆನಪು ಎಷ್ಟೋ ಸಲ ಬಂದಿದೆ.

ಶಾಸನಗಳಲ್ಲದೆ ಹಳಗನ್ನಡ ಕಾವ್ಯಶಾಸ್ತ್ರಗಳಿಗೂ ರೈಸರು ಉಪಕಾರ ಮಾಡಿದರು. ಬಿಬ್ಲಿಯೊಥೆಕ ಕರ್ನಾಟಿಕ ಎಂಬ ಮಾಲೆಯಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣವನ್ನು ೧೮೮೪ರಲ್ಲಿಯೂ ಭಟ್ಟಾಕಳಂಕನ ಶಬ್ದಾನುಶಾಸನವನ್ನು ೧೮೯೦ರಲ್ಲಿಯೂ ಪ್ರಕಟಿಸಿದರು. ಪಂಪಭಾರತ ಮತ್ತು ಕೆ. ಬಿ. ಪಾಠಕರು ಸಿದ್ಧಪಡಿಸಿದ ಕವಿರಾಜಮಾರ್ಗ ಎರಡೂ ೧೮೯೮ರಲ್ಲಿ ಹೊರಬಂದವು. ತಾಳೆಗರಿಯಲ್ಲಿ ಹುದುಗಿದ್ದ ಪಂಪನು ಅಚ್ಚಿನ ಪುಸ್ತಕವಾಗಿ ಓದುಗರ ಕೈಗೆ ಬಂದದ್ದು ಹೀಗೆ. ಹಸ್ತಪ್ರತಿಗಳನ್ನು ಕಾಪಾಡಲು ಮೈಸೂರಿನಲ್ಲಿ ೧೮೯೧ರಲ್ಲಿ ಹುಟ್ಟಿದ ಓರಿಯಂಟಲ್ ಲೈಬ್ರರಿಯ ಸ್ಥಾಪನೆಯಲ್ಲಿಯೂ ಅವರ ಕೈಯಿದೆ.

ದೋಷವೇ ಇಲ್ಲದ ಮನುಷ್ಯರನ್ನಾಗಿ ಮಹನೀಯರನ್ನು ಚಿತ್ರಿಸುವ ಪದ್ಧತಿ ನನಗೆ ಸೇರದು. ರೈಸರೂ ತಪ್ಪಿದ್ದಾರೆ. ಗಂಗರ ತಾಮ್ರಶಾಸನಗಳಲ್ಲಿ ಹಲವನ್ನು ಅವರು ನಿಜವೆಂದು ನಂಬಿದ್ದರು. ಫ್ಲೀಟ್ ಎಂಬ ಮತ್ತೊಬ್ಬ ಮಹಾ ವಿದ್ವಾಂಸರು ಅವು ಕೂಟಶಾಸನಗಳೆಂದು ಕಟುವಾಗಿಯೇ ವಾದಿಸಿದರು. ಬಹಳ ಮಟ್ಟಿಗೆ ಫ್ಲೀಟರ ಮಾತೇ ನಿಂತಿತು. ಹನ್ನೆರಡು ಸಂಪುಟಗಳ ಓಟದಲ್ಲಿ ಪಾಠಗಳು ಅಲ್ಲಲ್ಲಿ ತಪ್ಪಾಗಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ೧೯೭೦ರ ದಶಕದಿಂದ ಮತ್ತೆ ಪರಿಷ್ಕರಿಸಿ ಅಚ್ಚು ಹಾಕಿಸಬೇಕಾಯಿತು. ಆದರೆ ರೈಸರು ಪ್ರತಿಮಾಡಿಸಿದ ಎಷ್ಟೋ ಕಲ್ಲುಗಳು ಅನಂತರ ಮನೆಗಳ ಅಡಿಪಾಯಕ್ಕೂ ಬಟ್ಟೆ ಒಗೆಯುವುದಕ್ಕೂ ಹೋದವು. ಇಲ್ಲವಾದ ಕಲ್ಲಿನ ವಿಷಯದಲ್ಲಿ ತಪ್ಪು ತಿದ್ದುವುದಕ್ಕಾದರೂ ಅವರ ಪುಸ್ತಕವೇ ಗತಿ.

೧೯೦೬ರಲ್ಲಿ ನಿವೃತ್ತರಾಗಿ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಸುಮ್ಮನೆ ಕೂಡಲಿಲ್ಲ. ಶಾಸನಗಳ ಆಧಾರದಿಂದ ಮೈಸೂರು ಕೊಡಗುಗಳ ಚರಿತ್ರೆಯನ್ನು ಬರೆದು ೧೯೦೯ರಲ್ಲಿ ಪ್ರಕಟಿಸಿದರು. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರೊಬ್ಬರ ಕಣ್ಣಿಗೆ ಮತ್ತೊಂದು ಬಂಡೆ ಬಿದ್ದು, ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ದೊರೆತಾಗ ರೈಸರು ಬದುಕಿದ್ದರು. ೧೯೨೭ರ ಜುಲೈ ೧೦ರಂದು, ತೊಂಬತ್ತು ತುಂಬುವುದಕ್ಕೆ ಒಂದು ವಾರವಿರುವಾಗ, ಹ್ಯಾರೋ ಎಂಬಲ್ಲಿ ತೀರಿಕೊಂಡರು. ಹುಟ್ಟಿದ ಮಣ್ಣಿನಿಂದ ಅಷ್ಟು ದೂರದಲ್ಲಿ.

ನಮ್ಮ ಮೇಷ್ಟ್ರಿಗೆ ತೊಂಬತ್ತು ವರುಷದ ಆಯುಸ್ಸು ಇರಲಿಲ್ಲ. ನಿವೃತ್ತರಾಗಿ ಕೆಲವು ವರುಷಗಳಲ್ಲಿಯೇ ಅವರ ಧ್ವನಿ ಒಡೆಯಿತು. ಜೀವಮಾನವೆಲ್ಲ ಸೀಮೆಸುಣ್ಣದ ಪುಡಿ ಕುಡಿದದ್ದರ ಫಲವೆಂದು ಎಲ್ಲರೂ ಎಣಿಸಿದರು, ಅವರೂ ಎಣಿಸಿದರು. ಬೆಂಗಳೂರಿಗೆ ಕರೆದುಕೊಂಡು ಹೋದಾಗ ಗಂಟಲಿನ ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರಚಿಕಿತ್ಸೆ ಮಾಡಿ ಧ್ವನಿಪೆಟ್ಟಿಗೆಯನ್ನು ತೆಗೆದರು. ಮೂವತ್ತೈದು ವರುಷ ಮಾತಿನಿಂದಲೇ ಬದುಕಿದವರು ಅಂದಿನಿಂದ ಹಲಗೆ ಬಳಪ ಹಿಡಿದು ಮಾತನಾಡಬೇಕಾಯಿತು.

ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ನಾನು ಅವರನ್ನು ನೋಡಿದೆ. ಅಕ್ಷರಗುಂಡಿಗೆ ಈಗ ಕಟ್ಟಡ, ಬೀಗ ಎಲ್ಲ ಆಗಿವೆ. ಆದರೂ ಅವರ ಅಕ್ಕನವರು ಹೇಗೋ ಆ ಬಂಡೆಗೆ ಸೋಕಿಸಿದ ನೀರನ್ನು ಒಂದು ತಂಬಿಗೆಯಲ್ಲಿ ತಂದಿದ್ದರು. ಇಂಥ ನಂಬಿಕೆಗಳನ್ನು ನಗೆಯಾಡಿ ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರು ಆ ನೀರನ್ನು ಅಂಗೈಗೆ ಹಾಕಿಸಿಕೊಂಡು ಕಣ್ಣಿಗೆ ಒತ್ತಿಕೊಂಡರು. ನುಂಗುವ ಶಕ್ತಿ ಆಗಲೇ ಹೋಗಿತ್ತು. ಆಮೇಲೆ ಹಲಗೆಯನ್ನು ತೆಗೆದುಕೊಂಡು ನನಗೊಂದು ಪ್ರಶ್ನೆಯನ್ನು ಬರೆದರು. ದೆಹಲಿಯಲ್ಲಿಯೂ ಅಶೋಕನ ಬಂಡೆಯೊಂದು ಸಿಕ್ಕಿದೆಯಲ್ಲ, ಅದು ನಮ್ಮ ಬಂಡೆಯ ಮಾತನ್ನೇ ಹೇಳುತ್ತದೆಯೇ ಎಂದು.

ಅಂಥದೊಂದು ಬಂಡೆ ಇದೆಯೆಂಬುದು ನಿಜ. ೧೯೬೬ರಲ್ಲಿ ಶ್ರೀನಿವಾಸಪುರಿಯ ಕಡೆ ಹೊಸ ಬಡಾವಣೆಯ ಕಟ್ಟಡಗಳು ಏಳುತ್ತಿದ್ದಾಗ ಒಬ್ಬ ಗುತ್ತಿಗೆದಾರರ ಕಣ್ಣಿಗೆ ಅದು ಬಿತ್ತು. ಕಾಲ್ಕಾಜಿ ದೇವಾಲಯಕ್ಕೆ ಅದು ಬಹು ಹತ್ತಿರ. ನಾನು ದೆಹಲಿಗೆ ಬಂದು ಆಗ ಆರು ವರುಷವಾಗಿತ್ತು. ಎಷ್ಟೋ ಭಾನುವಾರ ನೆಹರು ಪ್ಲೇಸಿನವರೆಗೆ ಬಸ್ಸಿನಲ್ಲಿ ಹೋಗಿ ಬಂದಿದ್ದೆ. ಒಂದು ದಿನವೂ ಇಳಿದು ಅದನ್ನು ನೋಡಿರಲಿಲ್ಲ. ಅದನ್ನು ಹೇಳಲು ನಾಚಿಕೆಯಾಯಿತು. ನೋಡಿದ್ದೇನೆ, ಅಕ್ಷರಶಃ ಅದೇ ಮಾತು ಎಂದುಬಿಟ್ಟೆ. ಮೇಷ್ಟ್ರು ತಲೆಯಾಡಿಸಿ, ಬಹಳ ಸಂತೋಷದಿಂದ, ಹಲಗೆಯನ್ನು ಒರೆಸಿದರು. ಕಾರ್ತಿಕಮಾಸದಲ್ಲಿ ಅವರು ಹೋದ ಸುದ್ದಿ ಬಂತು.

ಹೋದ ವರುಷ ಡಿಸೆಂಬರಿನಲ್ಲಿ ಎಂಟನೆಯ ತರಗತಿಯವರನ್ನು ಕರೆದುಕೊಂಡು ನಾನು ಆ ಬಂಡೆಯನ್ನು ನೋಡಲು ಹೋದೆ. ಹೋಗುವುದಕ್ಕೆ ಮುಂಚೆ ಮಕ್ಕಳಿಗೆ ಹತ್ತು ಬ್ರಾಹ್ಮೀ ಅಕ್ಷರಗಳನ್ನು ಕಲಿಸಿದ್ದೆ. ಕೂಡುವ ಗುರುತಿನಂತಿರುವ ಕಕಾರ, ಸೂರಿನಂತಿರುವ ಗಕಾರ ಮೊದಲಾದವು. ಸಣ್ಣ ದಿಬ್ಬದ ಮೇಲೆ ಚಾವಣಿಯ ಕೆಳಗೆ ಕಂಬಿಗಳ ಆಚೆ ಬಂಡೆಯಿದೆ. ಮೊದಲು ಏನೂ ಕಾಣಲಿಲ್ಲ, ಬರೀ ಒರಟು ಕಲ್ಲು. ಶಾಸನವನ್ನು ನೋಡಬೇಕಾದರೆ ಬೆಳಕು ಓರೆಯಾಗಿ ಬೀಳಬೇಕೆಂದು ಮೇಷ್ಟ್ರು ಹೇಳುತ್ತಿದ್ದರು. ಮಕ್ಕಳು ಬುತ್ತಿ ಬಿಚ್ಚಿ ಊಟ ಮಾಡಿದರು. ಹೊತ್ತು ಇಳಿಯುತ್ತ ಬಂದ ಹಾಗೆ ಕಲ್ಲಿನ ಮೇಲೆ ಕೂದಲೆಳೆಯಂಥ ಸಾಲುಗಳು ಎದ್ದವು. ಒಬ್ಬ ಹುಡುಗಿ ಕಕಾರವನ್ನು ಕಂಡೆನೆಂದು ಕೂಗಿದಳು.

ಆ ಪ್ರವಾಸಕ್ಕಾಗಿ ಮೊದಲ ಸಲ ನಾನು ಎರಡು ಶಾಸನಗಳ ಪಾಠವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದ್ದೆ. ದೆಹಲಿಯ ಬಂಡೆಯಲ್ಲಿರುವುದು ಮೊದಲ ಭಾಗ ಮಾತ್ರ. ಎರಡನೆಯ ಭಾಗ ಕರ್ನಾಟಕ ಆಂಧ್ರಗಳ ಬಂಡೆಗಳಲ್ಲಿಯೇ ಹೊರತು ಇಲ್ಲಿಲ್ಲ. ಆಚಾರ್ಯರನ್ನು ಗೌರವಿಸಬೇಕೆಂಬ ಸಾಲು ಎಲ್ಲಿದೆಯೆಂದು ಮಕ್ಕಳು ಕಂಬಿಗಳಿಗೆ ಮುಖವೊತ್ತಿ ಹುಡುಕುತ್ತಿದ್ದರು. ಆ ಸಾಲು ಇಲ್ಲಿಲ್ಲ, ನಮ್ಮ ಊರಿನ ಬಂಡೆಯಲ್ಲಿದೆ ಎಂದು ಅವರಿಗೆ ಹೇಳಿದೆ.